ಒಂದೂ ಸೀರೆ ಕೊಳ್ಳದ ಗಂಗಾಂಬಿಕಾ ಕಾಕೂ ಅವರಿಗೆ

ಮಾನ್ಯರೇ,

ಬನಹಟ್ಟಿ ಪೇಟೆಯ ಚನಮಲ್ಲಪ್ಪ ಸಾವಕಾರರ ಸೀರೆ ಅಂಗಡಿಯಲ್ಲಿ, ತಾವು ಈಗಷ್ಟೇ ಬಿಚ್ಚಿಸಿ ಹೋದ ಸೀರೆಗಳ ಗುಡ್ಡದ ನಡುವೆ ಕುಳಿತ ಕೆಲಸಗಾರ್ತಿ ವೈಶಾಲಿಯ ಸಾಷ್ಟಾಂಗ ನಮಸ್ಕಾರಗಳು. ತಾವು ಕ್ಷೇಮವಾಗಿ ತಮ್ಮೂರು ಚಿಮ್ಮಡ ಮುಟ್ಟಿರಬಹುದು. ಇಲ್ಲಿ ನನ್ನ ಸೊಂಟ ಕ್ಷೇಮವಾಗಿಲ್ಲ.

ಸಂತೆಯ ದಿನ ತಪ್ಪದೆ ದಯಮಾಡಿಸಿ, ನಮ್ಮ ಚಹಾ ಕುಡಿದು, ಕಪಾಟು ಬರಿದಾಗುವತನಕ ಸೀರೆ ಇಳಿಸಿ, ಪ್ರತಿಯೊಂದರ ಸೆರಗನ್ನೂ ಹೆಗಲಿಗೆ ಹಾಕಿಕೊಂಡು ಕನ್ನಡಿಯ ಮುಂದೆ ತಿರುಗಿ, "ಛಲೋ ಅದಾವು, ಮಡಚಿ ಇಡವಾ" ಎಂದು ಎದ್ದು ಹೋಗುವ ತಮ್ಮ ಔದಾರ್ಯವನ್ನು ಎಷ್ಟು ಹೊಗಳಿದರೂ ಕಡಿಮೆಯೇ. ಕೊಳ್ಳಲು ಬಂದವರ ಮೇಲೂ ತಮ್ಮ ಕೃಪೆಯುಂಟು. ಮದುವಣಗಿತ್ತಿಯ ತಾಯಿಯೊಬ್ಬರು ಇನ್ನೇನು ದುಡ್ಡು ಕೊಡಬೇಕು ಎನ್ನುವಾಗ, "ಯವ್ವಾ, ಇದನ್ನ ಉಟ್ರ ನಿನ್ನ ಮಗಳು ಬೇಯಿಸಿದ ಬದನಿಕಾಯಿ ಕಂಡಂಗ ಕಾಣ್ತಾಳ" ಎಂದಿರಿ. ಅವರು ಎದ್ದು ಹೋದರು; ಬೈಗುಳ ನನಗೆ ಬಂತು. ಅಂದಿನಿಂದ ತಮ್ಮನ್ನು ಕಂಡೊಡನೆ ನಾನು ಹಿಂದಿನ ಗೋದಾಮಿಗೆ ಓಡಿ ಅಡಗುತ್ತಿದ್ದುದು ನಿಜ. ತಾವು ಅಲ್ಲಿಗೂ ಬಂದು "ಇಲ್ಲೇನರ ಬ್ಯಾರೆ ಮಾಲ ಐತೇನ?" ಎಂದು ಕೇಳಿದ್ದೂ ನಿಜ.

ಇಷ್ಟರ ನಡುವೆ ಒಂದು ಸಂತೆಯ ದಿನ ಮುಧೋಳದ ಮಧುಮತಿಯವರು ನಮ್ಮಲ್ಲಿ ಕೊಂಡೊಯ್ದ ಸೀರೆಯನ್ನು ತಿರುಗಿ ತಂದು, "ಈಕಿ ಹರಕ ಸೀರಿ ಕೊಟ್ಟಾಳ" ಎಂದು ಅಂಗಡಿ ತುಂಬ ಜನರ ಮುಂದೆ ನನ್ನತ್ತ ಬೆರಳು ತೋರಿಸಿದರು. ಸಾವಕಾರರು ನನ್ನ ಮಾತು ಕೇಳದೆ, "ನಾಳೆಯಿಂದ ಬರಬ್ಯಾಡ" ಎಂದುಬಿಟ್ಟರು. ಆಗ ಕನ್ನಡಿಯ ಮುಂದಿದ್ದ ತಾವು ಹೆಗಲ ಮೇಲಿನ ಸೆರಗನ್ನೂ ತೆಗೆಯದೆ ಬಂದು, "ಸಾವಕಾರ್ರ, ಹ್ವಾದ ಸಂತಿಗೆ ಈ ಸೀರಿ ಉದ್ದಕ್ಕೂ ಬಿಚ್ಚಿ ನೋಡಿದಾಕಿ ನಾನ. ಬಣ್ಣ ಛಲೋ ಇರಲಿಲ್ಲ ಖರೆ, ಹರದಿರಲಿಲ್ಲ" ಎಂದಿರಿ. ಆಮೇಲೆ ಸೀರೆಯನ್ನು ಮೂಗಿಗೆ ಹಿಡಿದು, "ಇದು ಮದವಿ ಉಂಡ ಬಂದೈತ್ರಿ" ಎಂದು ಜಾಡಿಸಿದಿರಿ. ಮಡಿಕೆಯೊಳಗಿಂದ ಬುಂದೆ ಲಾಡುವಿನ ಕಾಳೊಂದು ಗಾದಿಯ ಮೇಲೆ ಬಿತ್ತು. ಮಧುಮತಿಯವರು ಬಸ್ಸಿನ ಹೊತ್ತಾಯಿತೆಂದು ಹೊರಟರು. ನನ್ನ ಕೆಲಸ ಉಳಿಯಿತು. ನಾನು ಗೋದಾಮಿಗೆ ಹೋಗಿ ಅತ್ತು ಬಂದೆ. ಅಷ್ಟರಲ್ಲಿ ತಾವು ಇನ್ನೊಂದು ಕಪಾಟು ಖಾಲಿ ಮಾಡಿಸಿದ್ದಿರಿ.

ಮುಂದಿನ ಸಂತೆಗೆ ತಾವು ಬರಲಿಲ್ಲ. ಸೊಂಟಕ್ಕೆ ಹಾಯೆನಿಸಬೇಕಿತ್ತು, ಆದರೆ ಚಿಮ್ಮಡದ ಬಸ್ಸು ಬಂದಾಗಲೆಲ್ಲ ನಾನು ಬಾಗಿಲಿಗೆ ಬಂದು ನಿಂತೆ. ಇಂದು ಬಂದ ತಾವು, ಬೀಳಗಿಯ ತಂಗಿಯ ಮನೆಗೆ ಹೋಗಿದ್ದೆ, ಅಲ್ಲಿನ ಅಂಗಡಿಯಲ್ಲಿ ಸೀರೆ ನೋಡಿದೆ ಎಂದು ನಗುನಗುತ್ತ ಹೇಳಿದಿರಿ. ಮಾನ್ಯರೇ, ನನ್ನ ದೂರು ಇದೇ. ತಮಗೆ ನಾವೇನು ಕಡಿಮೆ ಮಾಡಿದ್ದೆವು? ಅಲ್ಲಿ ಕೊಳ್ಳಬೇಕೆಂದರೆ ಧಾರಾಳವಾಗಿ ಕೊಳ್ಳಿರಿ, ನನ್ನ ತಕರಾರಿಲ್ಲ; ಆದರೆ ನೋಡುವುದೇನಿದ್ದರೂ ನಮ್ಮಲ್ಲಿಯೇ ಆಗಬೇಕು. ಸಾವಕಾರರೂ ಇಂದು, "ಕಾಕೂ, ನಮ್ಮಲ್ಲೇ ಕೆಲಸಕ್ಕ ಬರ್ರಿ" ಎಂದು ಕರೆದರು. ತಾವು ಗಾಬರಿಯಾಗಿ, "ಕೆಲಸಕ್ಕ ಬಂದ್ರ ಸೀರಿ ನೋಡೂದ ಯಾವಾಗ್ರಿ?" ಎಂದಿರಿ.

ಹೊಟ್ಟೆಕಿಚ್ಚಿನಿಂದ ಬೇಯುತ್ತಿರುವ, ತಮ್ಮ ವಿಶ್ವಾಸಿ,
ವೈಶಾಲಿ

ತಾ.ಕ.: ಗುರುವಾರ ಹೊಸ ಮಾಲು ಬರುತ್ತದೆ, ಸಾವಕಾರರು ಊರಲ್ಲಿರುವುದಿಲ್ಲ. ದಯಮಾಡಿ ಬನ್ನಿ. ಮಡಚಲು ತಂಗಿಯನ್ನೂ ಕರೆದುಕೊಂಡು ಬನ್ನಿ.