ಅಮಾಸಿಯೊಳಗೆ ವಾಸನೆ ಹೋಗಬೇಕು

ಸ್ವಚ್ಛತೆಯ ಬಗ್ಗೆ ನಾನು ಬಾಯಿ ತೆರೆದಾಗಲೆಲ್ಲ ಏನಾದರೊಂದು ಎಡವಟ್ಟು ಆಗಿಯೇ ಆಗುತ್ತದೆ. ಬಾಯಿ ಮುಚ್ಚಿಕೊಂಡಿರಬಹುದಿತ್ತು. ಆದರೆ ನಾನು ಬಾಕ್ಸಿಂಗ್ ಕೋಚು, ಕೂಗದಿದ್ದರೆ ನನ್ನನ್ನು ಯಾರೂ ಕೋಚು ಅನ್ನುವುದಿಲ್ಲ.

ತೆಲಂಗಾಣದ ಗಡಿಯೂರು ನಾರಾಯಣಪೇಟೆಯ ಹಳೆಯ ಶೇಂಗಾ ಗೋದಾಮೊಂದರಲ್ಲಿ ನನ್ನ ಜಿಮ್ ಇದೆ. ಗುದ್ದುವ ಚೀಲ ತೂಗುಹಾಕಲು ಗಟ್ಟಿ ತೊಲೆ, ಕುಣಿದಾಡಲು ಜಾಗ, ಎರಡೂ ಇರುವ ಕೋಣೆ ಊರಲ್ಲಿ ಬೇರೆಲ್ಲೂ ಸಿಗಲಿಲ್ಲ. ಅದರ ಹಿಂದಿನ ಗೋಡೆಗೆ ಹತ್ತಿಕೊಂಡೇ ಮಾಲಕರ ಅಡುಗೆಮನೆ. ಮಾಲಕರು ಒಳ್ಳೆಯವರು, ದಪ್ಪ ಮೀಸೆಯವರು, ಮೀಸೆ ತಿರುವದೆ ಒಂದು ಮಾತೂ ಆಡದವರು. ಒಂದು ಬೆಳಿಗ್ಗೆ ಬಾಗಿಲಲ್ಲೇ ನಿಂತು, ಒಂದು ಕೈಯಲ್ಲಿ ಮೂಗು ಹಿಡಿದು ಇನ್ನೊಂದರಲ್ಲಿ ಮೀಸೆ ತಿರುವುತ್ತ ಹೇಳಿದರು:

"ಮಾಸ್ತರ್, ನಮ್ಮ ಮನಿಯಾಗ ಒಗ್ಗರಣಿ ಹಾಕಿದ್ರ ಒಗ್ಗರಣಿ ವಾಸನಿ ಬರವಲ್ದು, ನಿಮ್ಮ ಗ್ಲೌಸಿನ ವಾಸನಿ ಬರಾಕತ್ತೈತಿ. ಅಮಾಸಿ ಒಳಗ ವಾಸನಿ ಹೋಗಬೇಕು. ಇಲ್ಲಾಂದ್ರ ನೀವು ಹೋಗಬೇಕು."

ಶಿಷ್ಯರನ್ನೆಲ್ಲ ಸಾಲಾಗಿ ನಿಲ್ಲಿಸಿ, ಒಬ್ಬೊಬ್ಬರ ಗ್ಲೌಸಿನೊಳಗೆ ಮೂಗಿಟ್ಟು ನೋಡಿದೆ. ಎಲ್ಲರಿಗೂ ಮನಸಾರೆ ಬೈದೆ. ಮೈಲಾರಲಿಂಗನ ಫೋಟೋ ಪಕ್ಕದ ಮೊಳೆಗೆ ತೂಗುತ್ತಿದ್ದ ನನ್ನ ಗ್ಲೌಸನ್ನು ಮಾತ್ರ ಮೂಸಲಿಲ್ಲ. ಅವು ನಾನು ಪಂದ್ಯ ಗೆದ್ದ ಗ್ಲೌಸು. ಗೆದ್ದದ್ದು ಜೀವನದಲ್ಲಿ ಒಂದೇ ಪಂದ್ಯವಾದ್ದರಿಂದ ಅವುಗಳ ಮೇಲೆ ನನಗೆ ಭಕ್ತಿ ಜಾಸ್ತಿ. ಪ್ರತಿ ಭಾನುವಾರ ಭಂಡಾರದ ಅರಿಶಿನ ಹಚ್ಚಿ, ಹೂ ಏರಿಸಿ, ಆಮೇಲೆ ಅವನ್ನೇ ಹಾಕಿಕೊಂಡು ಪಾಠ ಹೇಳುತ್ತಿದ್ದೆ. ದೇವರ ಪಕ್ಕದಲ್ಲಿರುವ ವಸ್ತುವಿಗೆ ಎಲ್ಲಿಯ ವಾಸನೆ ಅಂದುಕೊಂಡಿದ್ದೆ.

ಗಂಜಿ

ಗ್ಲೌಸು ಹಾಕುವ ಮುಂಚೆ ಕೈಗೆ ಉದ್ದನೆಯ ಬಟ್ಟೆಪಟ್ಟಿ ಸುತ್ತಿಕೊಳ್ಳುತ್ತಾರೆ. ಬೆವರನ್ನೆಲ್ಲ ಹೀರುವುದು ಅದೇ. ಮೊದಲು ಅದಕ್ಕೆ ಗತಿ ಕಾಣಿಸೋಣವೆಂದು ಎಲ್ಲರ ಪಟ್ಟಿಗಳನ್ನೂ ಗಂಟು ಕಟ್ಟಿ, ಒಗೆದು ಇಸ್ತ್ರಿ ಮಾಡುವವರಿಗೆ ಕೊಟ್ಟೆ. ನಮ್ಮದು ಸೀರೆ ನೇಯುವ ಊರು. ಉದ್ದನೆಯ ಬಟ್ಟೆ ಕಂಡರೆ ಇಲ್ಲಿಯವರ ಕೈ ತಾನಾಗಿ ಗಂಜಿಯ ಪಾತ್ರೆಯ ಕಡೆಗೆ ಹೋಗುತ್ತದೆ. ಪಟ್ಟಿಗಳು ಗಂಜಿ ಕುಡಿದು, ಇಸ್ತ್ರಿ ಹೊಡೆಸಿಕೊಂಡು, ಗರಿಗರಿಯಾಗಿ ಬಂದವು. ಆಹಾ, ಎಷ್ಟು ಮಡಿ ಅಂತ ನಾನು ಹಿಗ್ಗಿದೆ.

ಮರುದಿನ ಮಖ್ತಲ್‌ನಲ್ಲಿ ಪಂದ್ಯ. ನಮ್ಮ ಕಡೆಯಿಂದ ಡಿಗ್ರಿ ಓದುವ ಹುಡುಗಿ ಇಳಿಯಬೇಕಿತ್ತು. ಜಿಮ್ಮಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಹೊಡೆಯುವವಳು ಅವಳು, ನನ್ನನ್ನೂ ಸೇರಿಸಿ. ಪಟ್ಟಿ ಸುತ್ತಿದ ಕೈಯನ್ನು ರೆಫರಿ ತಟ್ಟಿ ನೋಡಿದರು. ಟಕ್ ಟಕ್ ಅಂದಿತು.

"ಇದೇಮ್ ಸಾರ್, ಸಿಮೆಂಟಾ?" ಅಂದರು ತೆಲುಗಿನಲ್ಲಿ.

"ಗಂಜಿ ರೀ ಸಾರ್, ಸ್ವಚ್ಛತಾ ಸಲುವಾಗಿ" ಅಂದೆ.

ಅವರು ನಂಬಲಿಲ್ಲ. ಬಕೆಟ್ಟು ನೀರು ತರಿಸಿ ಅವಳ ಎರಡೂ ಕೈ ನೆನೆಹಾಕಿ ಕೂರಿಸಿದರು. ನೀರು ಅಕ್ಕಿ ತೊಳೆದಂತೆ ಬೆಳ್ಳಗಾದ ಮೇಲೆಯೇ ಬಿಟ್ಟರು. ಊರಿಗೆ ಬಂದು ಇಸ್ತ್ರಿಯವರನ್ನು ಕೇಳಲು ಹೋದರೆ, ಅವರೇ ನನ್ನನ್ನು ಕೇಳಿದರು: "ಅದಿರಲಿ ಮಾಸ್ತರ್, ಇಷ್ಟು ಕಮ್ಮಿ ಅಗಲದ ಸೀರಿ ಯಾರು ಉಡತಾರ್ರೀ ನಿಮ್ಮ ಮನಿಯಾಗ?"

ಹೊಗೆ

ನನ್ನ ಪೇಚಾಟ ನೋಡಲಾರದೆ ಅವ್ವ ಮುಂದೆ ಬಂದಳು. ನಮ್ಮದು ಕುರಿ ಕಾಯ್ದ ಮನೆತನ. ಕುರಿಹಟ್ಟಿಯಿರಲಿ, ಕಂಬಳಿಯಿರಲಿ, ವಾಸನೆ ಬಂದರೆ ಅವಳ ಔಷಧ ಒಂದೇ: ಬೇವಿನ ಸೊಪ್ಪು, ಮೇಲೆ ಒಂದು ಹಿಡಿ ಲೋಬಾನದ ಧೂಪ, ಬೆಂಕಿ. ಗ್ಲೌಸುಗಳನ್ನೆಲ್ಲ ಹೊಗೆಯ ಮೇಲೆ ಬುಟ್ಟಿಯಲ್ಲಿ ಕವುಚಿ ಹಾಕಿದಳು.

"ಆ ಮೊಳಿಗಿ ಇರೋವನ್ನೂ ಕೊಡಪ್ಪಾ" ಅಂದಳು.

"ಬ್ಯಾಡವ್ವಾ, ಅವು ದೇವರ ಹತ್ರ ಅದಾವು."

"ದೇವರು ಮೂಗು ಮುಚ್ಕೊಂಡಾನ ನೋಡು" ಅಂದಳು. ಅವ್ವ ಹಾಗೆಯೇ, ಏನಾದರೊಂದು ಅನ್ನುತ್ತಾಳೆ.

ಸಂಜೆ ಅಭ್ಯಾಸ ಶುರುವಾಯಿತು. ಒಂದೊಂದು ಗುದ್ದಿಗೂ ಗ್ಲೌಸಿನಿಂದ ಲೋಬಾನದ ಘಮಲು ಬುಸ್ಸೆಂದು ಹೊರಡುತ್ತಿತ್ತು. ಮುಖಕ್ಕೆ ಪೆಟ್ಟು ತಿಂದ ಒಬ್ಬ ಕಣ್ಣುಮುಚ್ಚಿ ಕೈಮುಗಿದೇ ಬಿಟ್ಟ. ನಾನು ಹೆಮ್ಮೆಯಿಂದ ಮಾಲಕರನ್ನು ಕರೆದೆ. ಅವರು ಒಂದು ಉಸಿರು ಎಳೆದು, ಮೀಸೆ ತಿರುವಿ ಹೇಳಿದರು: "ಮೊದಲು ಒಂದ ವಾಸನಿ ಇತ್ರಿ. ಈಗ ಎರಡಾದ್ವು."

ಫಿನೈಲು

ಇನ್ನು ನೆಲ. ಡಬ್ಬಿಯ ಮೇಲೆ ಬಕೆಟ್ಟು ನೀರಿಗೆ ಸ್ವಲ್ಪ ಬೆರೆಸಿ ಅಂತ ಬರೆದಿದ್ದರು. ನನಗೆ ಬೆರೆಸುವಷ್ಟು ತಾಳ್ಮೆ ಇರಲಿಲ್ಲ, ಹಾಗೇ ಸುರಿದು ಒರೆಸಿದೆ. ಅಷ್ಟರಲ್ಲಿ ಕೋಸಗಿಯಿಂದ ಒಬ್ಬ ತಂದೆ ಮಗಳನ್ನು ಸೇರಿಸಲು ಬಂದರು. "ನೋಡ್ರಿ, ಬಾಕ್ಸಿಂಗಿನಾಗ ಕೈಗಿಂತ ಕಾಲು ಮುಖ್ಯ" ಅನ್ನುತ್ತ ಎರಡು ಹೆಜ್ಜೆ ಕುಣಿದು ತೋರಿಸಿದೆ. ಮೂರನೆಯದಕ್ಕೆ ಅಂಗಾತ ಬಿದ್ದಿದ್ದೆ.

ನಮ್ಮ ಡಿಗ್ರಿ ಹುಡುಗಿ ಓಡಿ ಬಂದಳು. ಎಬ್ಬಿಸುತ್ತಾಳೆ ಅಂದುಕೊಂಡೆ. ಅವಳು ಪಕ್ಕದಲ್ಲಿ ಮಂಡಿಯೂರಿ ರೆಫರಿಯಂತೆ ಹತ್ತರವರೆಗೆ ಎಣಿಸಿದಳು. ಆಮೇಲೆ ಗೆದ್ದವರ ಕೈ ಎತ್ತಬೇಕಲ್ಲ, ಫಿನೈಲಿನ ಡಬ್ಬಿ ಎತ್ತಿ ಹಿಡಿದಳು.

ಅಮಾಸಿ

ಕೊನೆಗೆ ಶಿಷ್ಯರೇ ಸೇರಿ, ನನ್ನನ್ನು ಒಂದು ಮೂಲೆಯಲ್ಲಿ ಕೂರಿಸಿ, ಕೆಲಸ ಮುಗಿಸಿದರು. ಪಟ್ಟಿಗಳನ್ನು ಬರೀ ಸಬಕಾರ ಹಾಕಿ ಒಗೆದರು. ಗ್ಲೌಸಿನ ಒಳಗೆ ಒದ್ದೆ ಬಟ್ಟೆಯಿಂದ ಒರೆಸಿ, ಕಾಗದ ತುರುಕಿ, ಗಾಳಿಗೆ ಬಾಯಿ ತೆರೆದಿಟ್ಟರು. ಅಮಾಸಿಯ ಬೆಳಿಗ್ಗೆ ಮಾಲಕರು ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಚೀಲ. ಗದ್ವಾಲದ ಬೀಗರ ಮನೆಗೆ ಹೊರಟಿದ್ದರು. ಕೋಣೆಯೆಲ್ಲ ಮೂಸಿದರು.

"ಭಾಳ ಕಮ್ಮಿ ಆಗೈತ್ರಿ. ಆದ್ರ ಈ ದೇವರ ಕಡೆ ಇನ್ನಾ ಏನೋ ಐತಿ. ಹೋಗಿ ಬಂದು ಹೇಳತೀನಿ, ಇರ್ತೀರೋ ಬಿಡ್ತೀರೋ ಅಂತ."

ಹಿರಿಯರನ್ನು ಹಾಗೇ ಕಳಿಸುವುದುಂಟೆ? ಸನ್ಮಾನ ಮಾಡಬೇಕು ಅನ್ನಿಸಿತು. ಹೊದಿಸಲು ಶಾಲು ಇರಲಿಲ್ಲ. ಮೊಳೆಯಿಂದ ನನ್ನ ಗ್ಲೌಸು ಇಳಿಸಿ, ಕಣ್ಣಿಗೊತ್ತಿಕೊಂಡು, ಅವರ ಕೈಗೆ ತೊಡಿಸಿದೆ. ಹುಡುಗಿ ಹಿಂದಿನಿಂದ "ಸಾರ್, ಅವು ಬ್ಯಾಡ್ರಿ" ಅಂದಳು. ಸುಮ್ಮನಿರು ಅಂತ ಕಣ್ಣು ಬಿಟ್ಟೆ. ಮಾಲಕರು ಖುಷಿಯಾಗಿ ತೂಗುವ ಚೀಲಕ್ಕೆ ನಾಲ್ಕು ಗುದ್ದಿದರು, ಬೆವರಿದರು, ಫೋಟೋ ತೆಗೆಸಿಕೊಂಡರು. ಗ್ಲೌಸು ಕಳಚಿ ಎರಡೂ ಕೈಯಿಂದ ಮೀಸೆಯನ್ನು ಚೆನ್ನಾಗಿ ತಿರುವಿಕೊಂಡು, ಬಸ್ಸಿಗೆ ಹೊತ್ತಾಯಿತೆಂದು ಹೊರಟರು.

"ಎಲ್ಲಾ ತೊಳದ್ವಿ ಸಾರ್. ಅವನ್ನ ಮುಟ್ಟಾಕ ಮಾತ್ರ ಯಾರಿಗೂ ಧೈರ್ಯ ಆಗಲಿಲ್ಲ" ಅಂದಳು ಹುಡುಗಿ.

ಆಗ ಮೊದಲ ಸಲ ನನ್ನ ಗ್ಲೌಸಿನೊಳಗೆ ಮೂಗಿಟ್ಟೆ. ಕಣ್ಣಲ್ಲಿ ನೀರು ಬಂತು. ಭಂಡಾರ, ಬಾಡಿದ ಹೂವು, ಅಷ್ಟೂ ವರ್ಷದ ನನ್ನ ಬೆವರು, ಎಲ್ಲ ಒಟ್ಟಿಗೆ ಸೇರಿ ಸತ್ತ ಇಲಿಯಂತೆ ನಾರುತ್ತಿತ್ತು. ನನ್ನ ಜಿಮ್ಮು ಹೋಯಿತು ಅಂತ ತಲೆ ಮೇಲೆ ಕೈಹೊತ್ತು ಕೂತೆ.

ಸಂಜೆ ಗದ್ವಾಲದಿಂದ ಫೋನು ಬಂತು.

"ಮಾಸ್ತರ್, ನಿಮ್ಮ ಮ್ಯಾಲೆ ಸುಮ್ಮನ ತಪ್ಪು ಹೊರಿಸಿದ್ನಲ್ಲಾ, ಕ್ಷಮಾ ಮಾಡ್ರಿ. ಆ ವಾಸನಿ ನಿಮ್ಮದಲ್ರೀ, ಎಲ್ಲಾ ಕಡೆ ಐತಿ! ಬಸ್ಸಿನಾಗ ಬಂತು. ಮಖ್ತಲ್‌ದಾಗ ಚಾ ಕುಡಿಯಾಕ ಇಳಿದೆ, ಚಾದಾಗೂ ಬಂತು. ಜೂರಾಲ ಡ್ಯಾಮಿನ ಮ್ಯಾಲೆ ಅಷ್ಟು ಗಾಳಿಯಾಗೂ ಬಂತು. ನಾಡೆಲ್ಲಾ ಕೆಟ್ಟೈತ್ರಿ, ನಿಮ್ಮದೇನ್ ತಪ್ಪು? ಜಿಮ್ಮು ಬಿಡಬ್ಯಾಡ್ರಿ, ಆರಾಮ ಇರ್ರಿ."

ನನಗೆ ಹೋದ ಜೀವ ಬಂದಂತಾಯಿತು. "ದೊಡ್ಡ ಮನಸ್ಸು ರೀ ನಿಮ್ಮದು" ಅಂದೆ.

ಅವರು ದನಿ ತಗ್ಗಿಸಿದರು: "ಇನ್ನೊಂದು ಮಾತ್ರೀ. ಭಾಳ ಅಂದ್ರ ನಮ್ಮ ಬೀಗರ ಮನಿಯಾಗ ಐತಿ. ಬೀಗರು ನನ್ನ ಪಕ್ಕ ಕುಂತು ಮಾತಾಡಿದ್ರಂತೂ ಉಸಿರಾಡಾಕ ಆಗವಲ್ದು. ನಾ ಹ್ಯಾಂಗ ಹೇಳಲಿ, ಹೆಣ್ಣು ಕೊಟ್ಟಾಂವ ನಾ. ನೀವು ಒಮ್ಮಿ ಗದ್ವಾಲಕ್ಕ ಬಂದು, ಅವರಿಗೆ ನಿಮ್ಮ ಸ್ವಚ್ಛತಾ ಪಾಠ ಹೇಳಿ ಹೋಗ್ರಿ."