ಪ್ರೊಜೆಕ್ಟರಿನ ಹಣೆಯ ಬೊಟ್ಟು

ನನ್ನ ಬಳಿ ಅರ್ಥಶಾಸ್ತ್ರ ಕಲಿತವರಿಗೆ ಹೆಚ್ಚು ಪರಿಚಯವಿರುವುದು ನನ್ನ ಮುಖವಲ್ಲ, ಬೆನ್ನು. ಮೇಷ್ಟ್ರ ಕೆಲಸದಲ್ಲಿ ಬೆನ್ನಿಗಿರುವ ಉಪಯೋಗವನ್ನು ಯಾವ ತರಬೇತಿಯಲ್ಲೂ ಹೇಳಿಕೊಡುವುದಿಲ್ಲ. ಮುಂದಿನ ಮಾತು ಮರೆತುಹೋಯಿತೇ, ಬೋರ್ಡಿನ ಕಡೆ ತಿರುಗಿದರೆ ಆಯಿತು. ಬರೆದದ್ದನ್ನು ಒರೆಸಿ, ಒರೆಸಿದ್ದನ್ನೇ ಇನ್ನೂ ದಪ್ಪಗೆ ಬರೆದು, ಸೀಮೆಸುಣ್ಣ ಮುರಿದು, ಬಗ್ಗಿ ಹೆಕ್ಕುವಷ್ಟರಲ್ಲಿ ಮರೆತದ್ದು ವಾಪಸು ಬಂದಿರುತ್ತದೆ. ಬಾರದಿದ್ದರೆ ಗಂಟೆಯಾದರೂ ಹೊಡೆದಿರುತ್ತದೆ. ನಗು ಬಂದರೂ ಬೋರ್ಡಿಗೇ ನಗಬಹುದು, ಆಕಳಿಕೆ ಬಂದರೂ ಬೋರ್ಡಿಗೇ ಆಕಳಿಸಬಹುದು. ಅದು ಯಾರಿಗೂ ಹೇಳುವುದಿಲ್ಲ. ಇಷ್ಟು ಅನುಕೂಲವಾಗಿದ್ದ ನನ್ನ ಬೆನ್ನನ್ನು ಕಸಿದುಕೊಂಡದ್ದು ಒಂದು ಯಂತ್ರ. ಅದರ ಹೆಸರು ಓವರ್‌ಹೆಡ್ ಪ್ರೊಜೆಕ್ಟರು. ಅದನ್ನು ಬೇಕು ಬೇಕು ಎಂದು ಹಟ ಹಿಡಿದು ತರಿಸಿಕೊಂಡವನೂ ನಾನೇ.

ಆಗ ನಾನು ಶ್ರೀನಿವಾಸಪುರದ ಕಾಲೇಜೊಂದರಲ್ಲಿದ್ದೆ. ತೊಂಬತ್ತರ ದಶಕ ಮುಗಿಯುತ್ತಿತ್ತೋ, ಎರಡು ಸಾವಿರ ಶುರುವಾಗಿತ್ತೋ, ಸರಿಯಾಗಿ ಹೇಳಲಾರೆ. ಯಂತ್ರವನ್ನು ಕೋಲಾರದಿಂದ ಬಸ್ಸಿನಲ್ಲಿ ಮಗುವಿನ ಹಾಗೆ ತೊಡೆಯ ಮೇಲೆ ಕೂರಿಸಿಕೊಂಡು ತಂದೆ ಎಂದು ನನಗೆ ನೆನಪು. ಕಂಡಕ್ಟರು ಅದಕ್ಕೂ ಟಿಕೆಟ್ ಕೇಳಿದ್ದು, ನಾನು ಅವನಿಗೆ ತಂತ್ರಜ್ಞಾನದ ಬಗ್ಗೆ ಭಾಷಣ ಮಾಡಿದ್ದು, ಪಕ್ಕದ ಮುದುಕಿ ಇದೇನಪ್ಪ ಎಂದು ತೆಲುಗಿನಲ್ಲಿ ಶುರುಮಾಡಿ ‘ಏಮಿ ನಾಯನಾ ಇದಿ, ಹೊಲಿಗೆ ಮಿಷಿನ್ನಾ?’ ಎಂದದ್ದು, ಎಲ್ಲ ಕಣ್ಣಿಗೆ ಕಟ್ಟಿದ ಹಾಗಿದೆ. ನಮ್ಮ ಕನ್ನಡ ವಿಭಾಗದ ನಾಗರತ್ನಮ್ಮನವರು ಮಾತ್ರ, ‘ಬಸ್ಸೆಲ್ಲಿ ಬಂತು ಸಾರ್, ಟೊಮೇಟೊ ಕ್ರೇಟುಗಳ ಜೊತೆ ಟೆಂಪೋದಲ್ಲಿ ಬಂತು. ನೀವು ಆವತ್ತು ರಜಾ’ ಎನ್ನುತ್ತಾರೆ. ಟೆಂಪೋ ನಿಜವಾಗಿದ್ದರೆ ಆ ಮುದುಕಿ ಎಲ್ಲಿಂದ ಬಂದಳು? ಇಷ್ಟು ಚೆನ್ನಾಗಿ ಮಾತಾಡಿದವಳನ್ನು ಇಳಿಸಿಬಿಡಲು ನನಗೆ ಮನಸ್ಸಿಲ್ಲ. ಇರಲಿ ಬಿಡಿ.

ಯಂತ್ರ ನಮ್ಮದಾಗಿರಲಿಲ್ಲ, ಎರವಲು. ಕಾಲೇಜು ನೋಡಲು ಮೇಲಿನಿಂದ ಒಂದು ತಂಡ ಬರುವುದಿತ್ತು. ಆಧುನಿಕ ಸಾಧನ ಬಳಸಿ ಮಕ್ಕಳಿಗೆ ಪಾಠ ಹತ್ತಿಸಿದ್ದೇವೆ ಎಂದು ತಂಡಕ್ಕೆ ತೋರಿಸಿದರೆ ಅದು ನಮಗೇ ಉಳಿಯುತ್ತದೆ, ಇಲ್ಲದಿದ್ದರೆ ಮುಳಬಾಗಿಲಿನ ಇನ್ನೊಂದು ಕಾಲೇಜಿಗೆ ಹೋಗುತ್ತದೆ. ಮುಳಬಾಗಿಲಿಗೆ ಹೋಗುವುದರಲ್ಲಿ ನನಗೆ ತಾತ್ವಿಕ ವಿರೋಧವೇನಿರಲಿಲ್ಲ. ಆದರೆ ಅಲ್ಲಿ ಅರ್ಥಶಾಸ್ತ್ರ ಹೇಳುತ್ತಿದ್ದವನು ನನ್ನ ಷಡ್ಡಕ ಸತ್ಯಮೂರ್ತಿ. ನನ್ನ ಹೆಂಡತಿಯ ತಂಗಿಯ ಗಂಡ. ಹಬ್ಬಕ್ಕೆ ಮಾವನ ಮನೆಯಲ್ಲಿ ಎಲೆ ಮುಂದೆ ಕೂತಾಗಲೆಲ್ಲ, ‘ಏನು ಭಾವ, ಯಂತ್ರ ಉಪಯೋಗಿಸ್ತಿದ್ದೀರೋ, ಇಲ್ಲಾ ನಾವೇ ಬಂದು ತಗೊಂಡು ಹೋಗೋಣವೋ?’ ಎಂದು ಒಬ್ಬಟ್ಟಿಗೆ ತುಪ್ಪ ಹಾಕಿಸಿಕೊಳ್ಳುತ್ತ ಕೇಳುವನು. ಯಂತ್ರ ಅವನ ಪಾಲಾದರೆ ಆ ಮನೆಯ ಒಬ್ಬಟ್ಟು ನನ್ನ ಗಂಟಲಲ್ಲಿ ಎಂದೂ ಇಳಿಯುವುದಿಲ್ಲ ಎಂದು ನನಗೆ ಗೊತ್ತಿತ್ತು.

ಯಂತ್ರ ಬಂದ ಸ್ವಲ್ಪ ದಿನಕ್ಕೇ ಆಯುಧಪೂಜೆ. ನಮ್ಮ ಅಟೆಂಡರ್ ಮುನಿವೆಂಕಟಪ್ಪ ಕಾಲೇಜಿನ ಸಕಲ ಆಯುಧಗಳಿಗೂ ಗಂಧ ಕುಂಕುಮ ಹಚ್ಚಿದ. ಟೈಪ್‌ರೈಟರ್, ಗಂಟೆ, ಗ್ಲೋಬು, ಪ್ರಿನ್ಸಿಪಾಲರ ಸ್ಕೂಟರು, ನಾವು ಚಪ್ಪಲಿ ಬಿಟ್ಟು ಒಳಗೆ ಹೋಗಿ ನೋಡಬೇಕಾಗಿದ್ದ ಕಂಪ್ಯೂಟರು ಎಲ್ಲಕ್ಕೂ ಆಯಿತು. ಪ್ರೊಜೆಕ್ಟರಿನ ಎದುರು ಮಾತ್ರ ಬಟ್ಟಲು ಹಿಡಿದುಕೊಂಡು ಬಹಳ ಹೊತ್ತು ನಿಂತ. ಮೇಲಿನ ಕನ್ನಡಿ ತಲೆಯಂತಿದ್ದರೂ ತೀರ ಸಣ್ಣದು. ಕಂಬ ಸಪೂರ. ಕೊನೆಗೆ ಪಾಠ ಬರೆದ ಪಾರದರ್ಶಕ ಹಾಳೆ ಇಡುವ, ಅಡಿಯಿಂದ ಬೆಳಕು ಬರುವ ಅಗಲವಾದ ಗಾಜೇ ಅದರ ಹಣೆಯೆಂದು ತೀರ್ಮಾನಿಸಿ, ಸರಿಯಾಗಿ ನಟ್ಟನಡುವೆ, ಕಾಸಗಲ ಗಂಧ ಒತ್ತಿ ಅದರ ಮೇಲೆ ಕುಂಕುಮವಿಟ್ಟ. ನಾವೆಲ್ಲ ಪುರಿ ಕಡಲೆ ತಿಂದು ಮನೆಗೆ ಹೋದೆವು.

ರಜೆ ಕಳೆದು ನನ್ನ ಮೊದಲ ಆಧುನಿಕ ಪಾಠ. ಕತ್ತಲೆ ಬೇಕಲ್ಲ, ಕಿಟಕಿಗಳಿಗೆ ಗೋಣಿಚೀಲ ಕಟ್ಟಿಸಿದ್ದೆ. ತರಗತಿಯೆಲ್ಲ ಕಡಲೆಕಾಯಿ ಮೂಟೆಯ ವಾಸನೆ. ಸ್ವಿಚ್ ಒತ್ತಿದೆ. ಗೋಡೆಯ ಮೇಲೆ ದೊಡ್ಡ ಬೆಳಕಿನ ಚೌಕ, ಅದರ ನಡುವೆ ಕರ್ರಗೆ ಒಂದು ಚಂದ್ರ. ಗಾಜಿನ ಮೇಲೆ ಕೆಂಪಗಿದ್ದ ಕುಂಕುಮ ಬೆಳಕನ್ನು ತಡೆದು ಗೋಡೆಯ ಮೇಲೆ ಕಪ್ಪಾಗಿತ್ತು. ಬಾಗಿಲಲ್ಲಿ ಇಣುಕುತ್ತಿದ್ದ ನಾಗರತ್ನಮ್ಮನವರು, ‘ಯಂತ್ರಕ್ಕೆ ಕುಂಕುಮ, ಪಾಠಕ್ಕೆ ದೃಷ್ಟಿಬೊಟ್ಟು. ಒಳ್ಳೇದೇ ಆಯ್ತು ಬಿಡಿ ಸಾರ್, ಯಾರ ಕಣ್ಣೂ ಬೀಳಲ್ಲ’ ಎಂದರು.

ಒದ್ದೆ ಬಟ್ಟೆ ತಾರಪ್ಪ ಎಂದು ಮುನಿವೆಂಕಟಪ್ಪನಿಗೆ ಹೇಳಿದೆ. ಅವನು ಎರಡು ಹೆಜ್ಜೆ ಹಿಂದಕ್ಕೆ ಹೋದ. ‘ಬೊಟ್ಟು ಒರೆಸೋದಾ? ಬಿಡ್ತು ಅನ್ನಿ ಸಾರ್! ಪೂಜೆ ಮಾಡಿದ ಬೊಟ್ಟು ತಾನಾಗೇ ಹೋಗಬೇಕು. ನಾವಾಗಿ ತೆಗೀಬಾರದು.’ ನಾನು ಪ್ರಿನ್ಸಿಪಾಲರ ಹತ್ತಿರ ಹೋದೆ. ಅವರು ಗಣಿತದವರು, ದೇವರನ್ನು ಒಪ್ಪದವರು. ಕನ್ನಡಕ ತೆಗೆದು, ಹಾಕಿ, ‘ನೋಡ್ರೀ, ನನಗೆ ಇದರಲ್ಲೆಲ್ಲ ನಂಬಿಕೆ ಇಲ್ಲ. ಆದರೆ ಯಂತ್ರ ನಮ್ಮದಲ್ಲ. ನಾಳೆ ಬಲ್ಬ್ ಹೋಯ್ತು ಅನ್ಕೊಳ್ಳಿ, ಬೊಟ್ಟು ಅಳಿಸಿದ್ದಕ್ಕೇ ಅಂತ ಇಡೀ ಶ್ರೀನಿವಾಸಪುರ ಮಾತಾಡುತ್ತೆ. ಅದು ಅದರ ಪಾಡಿಗೆ ಇರಲಿ, ನೀವು ನಿಮ್ಮ ಪಾಡಿಗೆ ಪಾಠ ಮಾಡಿ’ ಎಂದರು. ಮನೆಯಲ್ಲಿ ಹೆಂಡತಿಗೆ ಹೇಳಿದೆ. ಅವಳು ನನ್ನನ್ನು ನೋಡಿದ ರೀತಿಗೆ ಒದ್ದೆ ಬಟ್ಟೆಯ ಮಾತನ್ನು ಮತ್ತೆ ಎತ್ತಲಿಲ್ಲ. ನಾನೇ ಕದ್ದು ಒರೆಸಬಹುದಿತ್ತಲ್ಲ ಎಂದು ನೀವು ಕೇಳಬಹುದು. ಒರೆಸಬಹುದಿತ್ತು. ನಾನು ಪಾಠದಲ್ಲಿ ಆಧುನಿಕ, ಒರೆಸುವುದರಲ್ಲಿ ಅಲ್ಲ.

ಬೊಟ್ಟು ಜಾಗ ಬಿಡುವುದಿಲ್ಲ ಎಂದಮೇಲೆ ಅರ್ಥಶಾಸ್ತ್ರವೇ ಸ್ವಲ್ಪ ಸರಿದುಕೊಳ್ಳಬೇಕಾಯಿತು. ಬೇಡಿಕೆಯ ಗೆರೆ ಮೇಲಿನಿಂದ ಇಳಿಯುತ್ತದೆ, ಪೂರೈಕೆಯ ಗೆರೆ ಕೆಳಗಿನಿಂದ ಏರುತ್ತದೆ, ಎರಡೂ ಒಂದನ್ನೊಂದು ದಾಟುವ ಜಾಗಕ್ಕೆ ಸಮತೋಲನ ಬಿಂದು ಎನ್ನುತ್ತೇವೆ. ಪೇಟೆಯಲ್ಲಿ ಬೆಲೆ ನಿಲ್ಲುವುದು ಅಲ್ಲಿ. ನಾನು ಮೊದಲು ಬರೆದಿದ್ದ ಹಾಳೆಗಳಲ್ಲಿ ಈ ಬಿಂದು ಎಲ್ಲೆಲ್ಲೋ ಇತ್ತು. ಎಲ್ಲವನ್ನೂ ತೆಗೆದಿಟ್ಟು ಹೊಸ ಹಾಳೆಗಳ ಮೇಲೆ, ಗೆರೆಗಳು ಬೊಟ್ಟಿನ ಮೇಲೆಯೇ ದಾಟುವ ಹಾಗೆ ಬರೆದೆ. ಮಾವಿನಹಣ್ಣಿನ ಬೆಲೆಯೂ ಅಲ್ಲೇ ನಿಂತಿತು, ಟೊಮೇಟೊ ಬೆಲೆಯೂ ಅಲ್ಲೇ, ಮಾಲೂರಿನ ಇಟ್ಟಿಗೆಯ ಬೆಲೆಯೂ ಅಲ್ಲೇ. ನಿಜ ಹೇಳಬೇಕೆಂದರೆ ಅದು ಬಹಳ ಸುಂದರವಾಗಿ ಕಾಣುತ್ತಿತ್ತು. ಹಾಳೆ ಇಟ್ಟರೆ ಸಾಕು, ಎರಡು ಗೆರೆಗಳ ಸಂಧಿಯಲ್ಲಿ ದುಂಡಗೆ ಬೊಟ್ಟು. ನಾನು ಕೋಲಿನಿಂದ ತೋರಿಸುವ ಕಷ್ಟವೂ ತಪ್ಪಿತು.

ಮಕ್ಕಳ ವಿಷಯ ಹೇಳಬೇಕು. ಕತ್ತಲೆ, ಬೆಚ್ಚಗಿನ ಗೋಣಿಚೀಲ, ಯಂತ್ರದ ಫ್ಯಾನಿನ ಗುಂಯ್ ಸದ್ದು. ಆವನಿ ಕಡೆಯ ಹಳ್ಳಿಗಳಿಂದ ಮುಂಜಾನೆಯ ಬಸ್ಸು ಹಿಡಿದು ಬಂದವರು ಎಷ್ಟು ಹೊತ್ತು ಎಚ್ಚರವಿದ್ದಾರು? ಹಾಳೆ ಬದಲಾದಾಗ ಒಮ್ಮೆ ಕಣ್ಣು ಬಿಡುವರು, ಗೋಡೆಯಲ್ಲಿದ್ದದ್ದನ್ನು ಇದ್ದ ಹಾಗೆ ಬರೆದುಕೊಳ್ಳುವರು, ಮತ್ತೆ ಮಲಗುವರು. ಕಿರುಪರೀಕ್ಷೆಯಲ್ಲಿ ಪ್ರತಿಯೊಬ್ಬರ ಚಿತ್ರದಲ್ಲೂ ಬೊಟ್ಟು ಮುದ್ದಾಗಿ, ದಪ್ಪಗೆ ಕೂತಿತ್ತು. ನಾನು ಹಿಗ್ಗಿಹೋದೆ. ಸ್ಟಾಫ್ ರೂಮಿನಲ್ಲಿ ಉತ್ತರಪತ್ರಿಕೆಗಳನ್ನು ಹರಡಿ, ‘ನೋಡಿ, ಬೋರ್ಡಿನ ಕಾಲದಲ್ಲಿ ಹೀಗೆ ಒಬ್ಬರಾದರೂ ಬರೀತಿದ್ದರಾ?’ ಎಂದೆ. ನಾಗರತ್ನಮ್ಮನವರು ಒಂದನ್ನು ಎತ್ತಿ ನೋಡಿ, ‘ಇವಳು ಮೊದಲು ಬೊಟ್ಟಿಟ್ಟು ಆಮೇಲೆ ಗೆರೆ ಎಳೆದಿದ್ದಾಳೆ ಸಾರ್, ರಂಗೋಲಿ ಥರ’ ಎಂದರು. ಸಾಹಿತ್ಯದವರು ಏನಾದರೊಂದು ಹೇಳುತ್ತಾರೆ ಎಂದು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ತಂಡ ಬಂತು. ತಂಡದಲ್ಲಿ ಅರ್ಥಶಾಸ್ತ್ರದವರೇ ಒಬ್ಬರಿದ್ದರು; ತೆಳ್ಳಗೆ, ಎತ್ತರಕ್ಕೆ, ನಿಧಾನವಾಗಿ ಮಾತಾಡುವ ಹಿರಿಯರು. ಅವರು ಹಿಂದಿನ ಬೆಂಚಿನಲ್ಲಿ ಕೂತರು, ಪಕ್ಕದಲ್ಲಿ ಪ್ರಿನ್ಸಿಪಾಲರು. ನಾನು ಇಸ್ತ್ರಿ ಮಾಡಿದ ಷರಟಿನಲ್ಲಿ ಸ್ವಿಚ್ ಒತ್ತಿದೆ. ಬೆಳಕಿನ ಚೌಕ ಬಿತ್ತು. ಬೊಟ್ಟು ಇರಲಿಲ್ಲ.

‘ಸಾರ್, ಬೊಟ್ಟು ಲೇದು!’ ಎಂದು ಕತ್ತಲಿನಿಂದ ಯಾರೋ ಕೂಗಿದರು. ‘ಹೌದಲ್ಲೇ, ಎಲ್ಲೋಯ್ತೇ?’ ಎಂದು ಹುಡುಗಿಯರ ಸಾಲಿನಲ್ಲಿ ಪಿಸುಪಿಸು. ಬಾಗಿಲ ಬಳಿ ನಿಂತಿದ್ದ ಮುನಿವೆಂಕಟಪ್ಪನ ಕಡೆ ನೋಡಿದೆ. ಬೆಳಿಗ್ಗೆ ಯಂತ್ರವನ್ನು ಎತ್ತಿ ತರುವಾಗ ಒಣಗಿದ ಗಂಧ ಬಿಲ್ಲೆಯಾಗಿ ಕಳಚಿ ಬಿದ್ದಿತ್ತಂತೆ. ಅವನ ಮುಖದಲ್ಲಿ ಧನ್ಯತೆ. ‘ನಾನು ಹೇಳಿರಲಿಲ್ವಾ ಸಾರ್, ತಾನಾಗೇ ಹೋಗುತ್ತೆ ಅಂತ?’

ತಿರುಗಿಕೊಳ್ಳೋಣವೆಂದರೆ ಯಂತ್ರದ ಪಾಠಕ್ಕೆ ಬೋರ್ಡಿಲ್ಲ, ಮಕ್ಕಳ ಕಡೆ ಮುಖ ಮಾಡಿಯೇ ನಿಲ್ಲಬೇಕು. ಎಲ್ಲರ ಕಣ್ಣೂ ನನ್ನ ಮುಖದ ಮೇಲೆ. ಬೆನ್ನಿನ ಬೆಲೆ ಗೊತ್ತಾದದ್ದು ಆಗ. ಹೇಗೋ ಹಾಳೆ ಇಟ್ಟು, ಗೆರೆಗಳನ್ನು ವಿವರಿಸಿ ಮುಗಿಸಿದೆ. ಆಗ ಹಿರಿಯರು ಎದ್ದು ಬಂದು ಒಂದು ಖಾಲಿ ಹಾಳೆ ತೆಗೆದುಕೊಂಡು, ತಾವೇ ಎರಡು ಗೆರೆ ಎಳೆದು ಗಾಜಿನ ಮೇಲಿಟ್ಟರು. ಅವರ ಗೆರೆಗಳು ದಾಟಿದ್ದು ಮೇಲೆ, ಬಲಗಡೆ, ಮೂಲೆಯ ಹತ್ತಿರ. ‘ಸಮತೋಲನ ಬಿಂದು ಎಲ್ಲಿದೆ? ಯಾರು ತೋರಿಸ್ತೀರಮ್ಮ?’

ನಮ್ಮ ತರಗತಿಗೇ ಜಾಣೆಯಾದ ಅನಸೂಯ ಎದ್ದಳು. ನನಗೆ ಜೀವ ಬಂತು. ಅವಳು ನೇರವಾಗಿ ಗೋಡೆಯ ಬಳಿ ಹೋಗಿ, ಗೆರೆಗಳನ್ನು ಕಣ್ಣೆತ್ತಿಯೂ ನೋಡದೆ, ನಟ್ಟನಡುವಿನ ಖಾಲಿ ಜಾಗದ ಮೇಲೆ ಬೆರಳಿಟ್ಟಳು. ಇಡೀ ತರಗತಿ ತಲೆ ಆಡಿಸಿತು.

‘ಅಲ್ಲಿ ಏನೂ ಇಲ್ಲವಲ್ಲಮ್ಮ?’ ಎಂದರು ಹಿರಿಯರು.

‘ಅದು ಇರೋದು ಇಲ್ಲೇ ಸಾರ್,’ ಎಂದಳು ಅನಸೂಯ, ದೊಡ್ಡವರಿಗೆ ಇಷ್ಟೂ ಗೊತ್ತಿಲ್ಲವಲ್ಲ ಎಂಬ ಮರುಕದಿಂದ. ‘ಇವತ್ತು ಕಾಣಿಸ್ತಿಲ್ಲ, ಅಷ್ಟೆ.’

ಪ್ರಿನ್ಸಿಪಾಲರು ಕನ್ನಡಕ ತೆಗೆದರು; ಮತ್ತೆ ಹಾಕಿಕೊಳ್ಳಲಿಲ್ಲ. ನನ್ನ ಕಣ್ಣ ಮುಂದೆ ಸತ್ಯಮೂರ್ತಿ ಯಂತ್ರವನ್ನು ತೊಡೆಯ ಮೇಲಿಟ್ಟುಕೊಂಡು ಮುಳಬಾಗಿಲಿನ ಬಸ್ಸಿನಲ್ಲಿ ಕೂತಿದ್ದ. ಹಿರಿಯರು ಅವಳ ಬೆರಳನ್ನೊಮ್ಮೆ, ತಮ್ಮ ಗೆರೆಗಳನ್ನೊಮ್ಮೆ ನೋಡಿದರು. ಆಮೇಲೆ ಅವರ ಹೆಗಲು ಅಲುಗತೊಡಗಿತು. ನಗುತ್ತಿದ್ದರು. ಕಣ್ಣೊರೆಸಿಕೊಂಡು, ‘ಇಷ್ಟು ವರ್ಷ ಈ ಶಾಸ್ತ್ರ ಓದಿದ ಮೇಲೆ ನನಗೂ ಹಾಗೇ ಅನ್ನಿಸಿದೆಯಮ್ಮ. ಇದೆ ಅಂತಾರೆ, ಕಾಣಲ್ಲ’ ಎಂದರು. ಹೊರಡುವಾಗ ನನ್ನ ಬಳಿ ಬಂದು ಮೆಲ್ಲಗೆ, ‘ಯಂತ್ರ ಇಲ್ಲೇ ಇರಲಿ ಮೇಷ್ಟ್ರೇ. ನೀವು ಮಾತ್ರ ಸ್ವಲ್ಪ ದಿನ ಬೋರ್ಡಿನಲ್ಲಿ ಬರೀರಿ. ಕಿಟಕಿ ತೆಗೆಸಿ’ ಎಂದರು.

ಹೀಗೆ ಯಂತ್ರ ಉಳಿಯಿತು. ಒಬ್ಬಟ್ಟೂ ಗಂಟಲಲ್ಲಿ ಇಳಿಯಿತು. ಕಿಟಕಿ ತೆಗೆಸಿ ಬೋರ್ಡಿನಲ್ಲಿ ಗೆರೆಗಳನ್ನು ಮೂಲೆಮೂಲೆಗಳಲ್ಲೂ ದಾಟಿಸಿ, ಅನಸೂಯಳ ಬೆರಳನ್ನು ನಡುವಿನಿಂದ ಕದಲಿಸಲು ಆ ವರ್ಷವೆಲ್ಲ ಬೇಕಾಯಿತು. ಯಂತ್ರ ಅಲ್ಮೇರಾದ ಮೇಲೆ ಬಟ್ಟೆ ಹೊದ್ದು ಕೂತಿತ್ತು. ಮುಂದಿನ ಆಯುಧಪೂಜೆಗೆ ಮುನಿವೆಂಕಟಪ್ಪ ಅದರ ಬಟ್ಟೆ ಸರಿಸಿ, ಅದೇ ಜಾಗಕ್ಕೆ, ಇನ್ನೂ ಸ್ವಲ್ಪ ದೊಡ್ಡದಾಗಿಯೇ ಬೊಟ್ಟಿಟ್ಟ.

ಇಷ್ಟು ಬರೆದು ಮೊನ್ನೆ ನಾಗರತ್ನಮ್ಮನವರಿಗೆ ಓದಿ ಹೇಳಿದೆ. ಅವರು ಕಾಫಿ ಕುಡಿಯುತ್ತ ಕೊನೆಯವರೆಗೂ ಕೇಳಿ, ‘ಚೆನ್ನಾಗಿದೆ ಸಾರ್. ಆದರೆ ಬೊಟ್ಟು ನಡುವೆ ಇರಲಿಲ್ಲ. ಮೂಲೆಯಲ್ಲಿತ್ತು’ ಎಂದರು.

‘ಮೂಲೆಯಲ್ಲಾ? ಹಾಗಾದರೆ ನನ್ನ ಗೆರೆಗಳೆಲ್ಲ ಅದರ ಮೇಲೆ ಹೇಗೆ ದಾಟುತ್ತಿದ್ದವು?’

‘ನೀವು ಎಳೀತಿದ್ರಿ,’ ಎಂದು ಲೋಟ ಕೆಳಗಿಟ್ಟರು. ‘ಆಗಲೂ ಎಳೀತಿದ್ರಿ.’

ಮನೆಗೆ ಬಂದು ಮತ್ತೆ ಓದಿದೆ. ಬೊಟ್ಟನ್ನು ಮೂಲೆಗೆ ಸರಿಸಿದರೆ ಅನಸೂಯ ಗೋಡೆಯ ನಡುವೆ ಬೆರಳಿಡುವ ಹಾಗಿಲ್ಲ, ಹಿರಿಯರು ನಗುವ ಹಾಗಿಲ್ಲ, ಯಂತ್ರ ಮುಳಬಾಗಿಲಿಗೆ ಹೋಗಿಬಿಡುತ್ತದೆ. ಒರೆಸಿಬಿಡೋಣವೆಂದು ಪೆನ್ನು ತೆಗೆದೆ. ಪೂಜೆ ಮಾಡಿಟ್ಟ ಬೊಟ್ಟು ನೋಡಿ, ಕೈ ಬರಲಿಲ್ಲ. ಅದು ಇದ್ದಲ್ಲೇ ಇದೆ. ತಾನಾಗಿ ಹೋಗುವುದಾದರೆ ಹೋಗಲಿ.