ಇನ್ನೂರು ವರ್ಷ ಮಾಸದ ಚಿತ್ರ

ಇಲೊಯಿಲೊ ನಗರದ ಮಿಲಾಗ್ರೋಸ್ ತುಪಾಸ್ ಅವರು ತಮ್ಮ ಫ್ಲ್ಯಾಟಿಗೆ ಅಮೂರ್ತ ಕಲಾಕೃತಿಯೊಂದರ ಉತ್ಕೃಷ್ಟ ಪ್ರತಿಯನ್ನು ಖರೀದಿಸಿದರು. ಅದರ ಬಣ್ಣ ಇನ್ನೂರು ವರ್ಷ ಮಾಸುವುದಿಲ್ಲವೆಂದು ಮುದ್ರಕ ಸಂಸ್ಥೆಯ ಖಾತರಿಯಿತ್ತು. ದೂರಿದ್ದಲ್ಲಿ ಖರೀದಿದಾರರು ಅವಧಿಯ ಕೊನೆಯಲ್ಲಿ ಖುದ್ದಾಗಿ ಹಾಜರಾಗತಕ್ಕದ್ದು.

ಖರೀದಿಗೆ ಕಾರಣವಿತ್ತು. ಊಟದ ಮೇಜಿನ ಮೇಲುಗಡೆ ಗೋಡೆಯಲ್ಲಿದ್ದ ಕಡೆಯ ಭೋಜನದ ಪಟ ಬಿಸಿಲಿಗೆ ಮಾಸಿ, ಶಿಷ್ಯ ಪೇತ್ರ ಯಾರು ದ್ರೋಹಿ ಯೂದ ಯಾರು ಎಂದು ಗುರುತು ಸಿಗದಂತಾಗಿತ್ತು. ಮಿಲಾಗ್ರೋಸ್ ಅದನ್ನಿಳಿಸಿ ಹೊಸದನ್ನು ತೂಗುಹಾಕಿದರು.

"ಇದೇನಮ್ಮಾ ಇದು?" ಎಂದರು ಅತ್ತೆ ಇಬ್ಯಾಂಗ್.

"ಏನೂ ಅಲ್ಲ ಅತ್ತೆ. ಅದೇ ಅದರ ಹೆಚ್ಚುಗಾರಿಕೆ."

"ಏನೂ ಅಲ್ಲದ್ದು ಇನ್ನೂರು ವರ್ಷ ಇರುತ್ತಾ?"

"ಅದೇ ಇರೋದು."

ವಾರದೊಳಗೆ ಸಂಸ್ಥೆಯ ಸಂರಕ್ಷಣಾಧಿಕಾರಿ ವಿಲ್ಯಾಲುಸ್ ಪರಿಶೀಲನೆಗೆ ಬಂದರು. ಬಿಸಿಲು ನಿಷಿದ್ಧವೆಂದರು, ಅತ್ತೆ ದಿನವಿಡೀ ಕೂರುತ್ತಿದ್ದ ಕಿಟಕಿಗೆ ಕಪ್ಪು ಬಟ್ಟೆ ಬಿತ್ತು. ದೀಪವೂ ಬೆಳಕೇ ಎಂದರು, ಬಲ್ಬುಗಳನ್ನು ಬಿಚ್ಚಲಾಯಿತು. ಎಣ್ಣೆಹೊಗೆ ಕೂಡದೆಂದರು, ಒಣಮೀನು ಹುರಿಯುವುದು ನಿಂತಿತು. ಆದರೂ ಅವರ ಕೈಯ ಯಂತ್ರ ತೇವಾಂಶ ತೋರಿಸುತ್ತಲೇ ಇತ್ತು.

"ಮನೇಲಿ ಯಾರಾದ್ರೂ ಉಸಿರಾಡ್ತೀರಾ?"

"ಮೂರು ಜನಾನೂ ಆಡ್ತೀವಿ ಸಾರ್," ಎಂದರು ಮಿಲಾಗ್ರೋಸ್.

"ಯಾವಾಗಿಂದ?"

"ಹುಟ್ಟಿದಾಗಿಂದ."

"ಖರೀದಿ ಮಾಡೋವಾಗ್ಲೇ ಹೇಳ್ಬೇಕಿತ್ತು," ಎಂದು ವಿಲ್ಯಾಲುಸ್ ಬೇಸರಪಟ್ಟುಕೊಂಡರು. ಉಸಿರಾಟ ಮುಂದುವರಿದಲ್ಲಿ ಖಾತರಿ ರದ್ದಾಗುವುದು ಅನಿವಾರ್ಯವಾಗಿತ್ತು.

ಅಂದು ಗಂಡ ರೆನಾತೊ ಕತ್ತಲಲ್ಲಿ ತಣ್ಣನೆಯ ಅನ್ನ ಕಲಸುತ್ತ ಮೆಲ್ಲಗೆ ಹೇಳಿದರು: "ಖಾತರಿ ಹೋದ್ರೆ ಹೋಗ್ಲಿ ಬಿಡೆ. ಅಮ್ಮ ಕಿಟಕಿ ಇಲ್ದೆ ಸೊರಗ್ತಿದ್ದಾಳೆ."

ಮಿಲಾಗ್ರೋಸ್‌ಗೆ ಅತ್ತೆಯ ಮೇಲೆ ಪ್ರೀತಿಯಿತ್ತು. ಹಾಗೆಂದೇ ಬಹಳ ಹೊತ್ತು ಯೋಚಿಸಿದರು.

"ನಿಮಗಿದ್ಯಾ ಇನ್ನೂರು ವರ್ಷದ ಖಾತರಿ? ನನಗಿದ್ಯಾ? ಈ ಮನೇಲಿ ಅದೊಂದಕ್ಕೇ ಇರೋದು ಕಣ್ರೀ."

ರೆನಾತೊ ಸಾಮಾನು ಕಟ್ಟತೊಡಗಿದರು. ಚಿತ್ರವನ್ನು ಫ್ಲ್ಯಾಟಿನಲ್ಲೇ ಬಿಟ್ಟು ಮೂವರೂ ಅತ್ತೆಯ ತಮ್ಮನ ಮನೆಯ ಹಿಂದಿನ ಕೋಣೆಗೆ ಬಿಡಾರ ಬದಲಿಸಿದರು. ಅಲ್ಲೊಂದು ಕಿಟಕಿಯಿತ್ತು, ಅದರಿಂದ ಪಕ್ಕದ ಗೋಡೆ ಚೆನ್ನಾಗಿ ಕಾಣುತ್ತಿತ್ತು. ಸಂಸ್ಥೆಯು ತುಪಾಸ್ ಕುಟುಂಬವನ್ನು 'ಮಾದರಿ ಕಲಾಪೋಷಕರು' ಎಂದು ಘೋಷಿಸಿತು. ಅಂಥದೇ ಪ್ರತಿಗಳನ್ನು ಕೊಂಡ ಮೇಲಿನ ಮಹಡಿಯ ಎರಡು ಸಂಸಾರಗಳು ಈಗ ಬಾಡಿಗೆ ಮನೆ ಹುಡುಕುತ್ತಿವೆ.

ಪ್ರತಿ ಭಾನುವಾರ ಚರ್ಚಿನಲ್ಲಿ ಪೂಜೆ ಮುಗಿಸಿ ಕುಟುಂಬವು ಚಿತ್ರವನ್ನು ನೋಡಿಕೊಂಡು ಬರುತ್ತದೆ. ಬಾಗಿಲನ್ನು ಒಂದು ಗೇಣು ಸರಿಸಿ, ಮೂವರೂ ಉಸಿರು ಬಿಗಿಹಿಡಿದು ಒಳಗಿನ ಕಗ್ಗತ್ತಲಿಗೆ ಇಣುಕುತ್ತಾರೆ. ಬಾಗಿಲು ಮುಚ್ಚಿದ ಮೇಲೆ ಮಿಲಾಗ್ರೋಸ್ ಕೇಳುತ್ತಾರೆ:

"ಬಣ್ಣ ಹೇಗಿದೆ ಅತ್ತೆ?"

"ಸ್ವಲ್ಪಾನೂ ಮಾಸಿಲ್ಲ ಕಣಮ್ಮಾ," ಎನ್ನುತ್ತಾರೆ ಅತ್ತೆ.